ಹಳದಿ ಹೂಗಳ ಗೊಂದಲ: ಇಲಿನಾಯ್ ಪ್ರೇರಿಯ ಕಾಡುಹೂಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಷಿಕಾಗೋದ ಪಶ್ಚಿಮಕ್ಕಿರುವ ಊರುಗಳಲ್ಲಿ ಜುಲೈ ಬಂತೆಂದರೆ ಊರಿಂದ ಅಪ್ಪ-ಅಮ್ಮಂದಿರೂ ಬರುತ್ತಾರೆ, ಹಳದಿ ಹೂಗಳೂ ಬರುತ್ತವೆ. ಸಂಜೆ ವಾಕಿಂಗ್ ಹೋದವರು ನನಗೆ ಫೋಟೋ ಕಳಿಸುತ್ತಾರೆ: "ಇದೇನು ಹೂ?" ನಾನು ಸಸ್ಯವಿಜ್ಞಾನಿಯಲ್ಲ. ಶನಿವಾರ ಬೆಳಗ್ಗೆ ಪ್ರೇರಿಯಲ್ಲಿ ಕಳೆ ಕಿತ್ತು, ಬೀಜ ಆಯುವ ಸ್ವಯಂಸೇವಕರಲ್ಲಿ ಒಬ್ಬ. ಒಂದೇ ಉತ್ತರವನ್ನು ನೂರು ಸಲ ಟೈಪ್ ಮಾಡಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಪ್ರೇರಿ ಅಂದರೆ ಖಾಲಿ ಬಿದ್ದ ಹುಲ್ಲುಗಾವಲು ತಾನೆ?

ಶಾಲೆಯ ಭೂಗೋಳದಲ್ಲಿ ಪ್ರೇರಿ, ಪಂಪಾಸ್, ಸ್ಟೆಪ್ಪಿ, ವೆಲ್ಡ್ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಆದರೆ ಖಾಲಿ ಅಲ್ಲ. ಬಿಳಿಯ ರೈತರು ಬರುವ ಮುಂಚೆ ಇಲಿನಾಯ್‌ನಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೇರಿ ಇತ್ತು. ರಾಜ್ಯದ ಅಡ್ಡಹೆಸರೇ 'ಪ್ರೇರಿ ಸ್ಟೇಟ್'. ಬೇರುಗಳು ಹೆಣೆದುಕೊಂಡ ಆ ಕಪ್ಪು ಮಣ್ಣು ಹಳೆಯ ನೇಗಿಲಿಗೆ ಅಂಟಿಕೊಂಡು ಬಿಡುತ್ತಲೇ ಇರಲಿಲ್ಲ. 1837ರಲ್ಲಿ ಇದೇ ರಾಜ್ಯದ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನುಣುಪಾದ ಉಕ್ಕಿನ ನೇಗಿಲು ಮಾಡಿದ. ಆಮೇಲೆ ಜೋಳ, ಸೋಯಾ. ಈಗ ಕೆಡದೆ ಉಳಿದಿರುವ ಮೂಲ ಪ್ರೇರಿ ಹತ್ತು ಸಾವಿರಕ್ಕೆ ಒಂದು ಪಾಲೂ ಇಲ್ಲ. ಅದೂ ಎಲ್ಲಿ? ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನಗಳ ಬೇಲಿಯೊಳಗೆ, ನೇಗಿಲು ಹೋಗದ ಕಡೆ. ಉಳಿದದ್ದೆಲ್ಲ ಬೀಜ ಹಾಕಿ ಮತ್ತೆ ಬೆಳೆಸಿದ್ದು.

ಎಲ್ಲ ಹೂವೂ ಸೂರ್ಯಕಾಂತಿಯ ಹಾಗೇ ಕಾಣುತ್ತವೆ. ನನ್ನ ಕಣ್ಣಿನ ದೋಷವೇ?

ಅಲ್ಲ. ಇಲ್ಲಿನ ಸಸ್ಯವಿಜ್ಞಾನಿಗಳೇ ಇವಕ್ಕೆ 'ಡಿ.ವೈ.ಸಿ.' ಎಂದು ತಮಾಷೆಯ ಹೆಸರಿಟ್ಟಿದ್ದಾರೆ. 'ಡ್ಯಾಮ್ಡ್ ಯೆಲ್ಲೋ ಕಂಪೋಸಿಟ್ಸ್', ಅಂದರೆ ಹಾಳಾದ್ ಹಳದಿ ಹೂಗಳು. ಕಂಪೋಸಿಟ್ ಅಂದರೆ ಸೂರ್ಯಕಾಂತಿಯ ಕುಟುಂಬದ್ದು. ನಮ್ಮ ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು ಕೂಡ ಅದೇ ಕುಟುಂಬ. ನಮ್ಮಮ್ಮ ಮೊದಲ ಸಲ ಪ್ರೇರಿ ನೋಡಿದಾಗ ಕೇಳಿದ್ದು, "ಇಷ್ಟೊಂದು ಹುಚ್ಚೆಳ್ಳು ಯಾರು ಬಿತ್ತಿದ್ರೋ?" ಅಂತ. ತಪ್ಪೇನೂ ಅಲ್ಲ.

ಈ ಕುಟುಂಬದಲ್ಲಿ ನಾವು 'ಒಂದು ಹೂ' ಅನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗುಂಪು. ನಡುವಿನ ಬಿಲ್ಲೆಯಲ್ಲಿ ಒತ್ತೊತ್ತಾಗಿ ಕೂತಿರುವ ಒಂದೊಂದು ಚುಕ್ಕೆಯೂ ಒಂದು ಹೂ. ಸುತ್ತಲಿನ ಒಂದೊಂದು 'ಎಸಳು' ಕೂಡ ಒಂದು ಹೂ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಾದರೆ ಮೊದಲು ಏನನ್ನು ನೋಡಬೇಕು?

ಹೂವನ್ನು ಕೊನೆಗೆ ನೋಡಿ. ನಾನು ಎಲ್ಲರಿಗೂ ಹೇಳುವ ಮಾತು ಇದೊಂದೇ, ಯಾರೂ ಕೇಳುವುದಿಲ್ಲ. ಫೋಟೋದಲ್ಲಿ ಬರೀ ಹೂವಿನ ಮುಖ ಇರುತ್ತದೆ. ಹೆಸರು ಇರುವುದು ಕೆಳಗೆ.

ಎಲೆಗಳು ಬುಡದಲ್ಲಿ ಮಾತ್ರ ಇವೆಯೋ, ದಂಟಿನುದ್ದಕ್ಕೂ ಇವೆಯೋ? ಎದುರುಬದುರಾಗಿ ಜೋಡಿಯೋ, ಒಂದು ಆ ಕಡೆ ಒಂದು ಈ ಕಡೆಯೋ? ದಂಟನ್ನು ಬೆರಳಲ್ಲಿ ಉರುಳಿಸಿ: ಗುಂಡಗಿದೆಯೋ, ಚೌಕವೋ, ನಯವೋ, ಉಪ್ಪುಕಾಗದದಂತೆ ಒರಟೋ? ಆಮೇಲೆ ಹೂವನ್ನು ಬಗ್ಗಿಸಿ ಅದರ ಬೆನ್ನು ನೋಡಿ. ಅಲ್ಲಿರುವ ಹಸಿರು ಹೊದಿಕೆ ಅಗಲವೋ, ಸಣ್ಣಗೆ ಚೂಪೋ? ಇಷ್ಟಾದ ಮೇಲೆ ಮುಖ. ಕೊನೆಯದಾಗಿ ಮೂಗು. ಒಂದೆರಡು ಹೂಗಳನ್ನು ವಾಸನೆಯಿಂದಲೇ ಹಿಡಿಯಬಹುದು.

ನನಗಿಂತ ಎತ್ತರದ ಗಿಡ, ದೊಡ್ಡ ಹಳದಿ ಹೂ. ಇದು ಯಾವುದು?

ಎಂಟು-ಹತ್ತು ಅಡಿ ಇದ್ದರೆ ಮೊದಲು ಸಿಲ್ಫಿಯಮ್ ಬಳಗವನ್ನು ನೆನೆಯಿರಿ. ಪ್ರೇರಿಯ ಯಜಮಾನರು ಇವರೇ, ನನಗೆ ಇವರ ಮೇಲೆ ಸ್ವಲ್ಪ ಪಕ್ಷಪಾತವೂ ಇದೆ. ನಾಲ್ವರು ಅಣ್ಣತಮ್ಮಂದಿರು, ಹೂವಿನಲ್ಲಿ ಒಬ್ಬನೇ, ಎಲೆಯಲ್ಲಿ ನಾಲ್ಕು ಜನ.

ಕಂಪಾಸ್ ಪ್ಲಾಂಟ್: ಬುಡದಲ್ಲಿ ಮೊಳದುದ್ದದ ಎಲೆಗಳು, ನಡುವಿನ ನರದವರೆಗೂ ಸೀಳಿಕೊಂಡಿರುತ್ತವೆ. ಎಲೆಗಳು ಆಕಾಶ ನೋಡುತ್ತ ಮಲಗದೆ ನಿಂತಿರುತ್ತವೆ. ಅಂಚು ಉತ್ತರ-ದಕ್ಷಿಣಕ್ಕೆ, ಮುಖ ಪೂರ್ವ-ಪಶ್ಚಿಮಕ್ಕೆ. ಬೆಳಗಿನ, ಸಂಜೆಯ ಬಿಸಿಲು ಪೂರ್ತಿ ಸಿಗಲಿ, ನಡುಮಧ್ಯಾಹ್ನದ ಉರಿ ಅಂಚಿಗಷ್ಟೇ ಬೀಳಲಿ ಅಂತ ಗಿಡದ ಲೆಕ್ಕ. ಹೆಸರು ಬಂದದ್ದು ಅದರಿಂದ. ದಂಟು ಗಾಯವಾದರೆ ಅಂಟು ಒಸರಿ ಗಟ್ಟಿಯಾಗುತ್ತದೆ. ಇಲ್ಲಿನ ಮೂಲನಿವಾಸಿಗಳೂ ಆಮೇಲೆ ಬಂದವರ ಮಕ್ಕಳೂ ಅದನ್ನು ಅಗಿಯುತ್ತಿದ್ದರು. ತಾಯಿಬೇರು ಹದಿನೈದು ಅಡಿ ಆಳಕ್ಕೂ ಇಳಿಯುತ್ತದೆ. ಹಾಗಾಗಿ ಮೊದಲ ಕೆಲವು ವರ್ಷ ಮೇಲೆ ನಾಲ್ಕು ಎಲೆ ಬಿಟ್ಟರೆ ಏನೂ ಕಾಣದು.

ಪ್ರೇರಿ ಡಾಕ್: ಬುಡದಲ್ಲಿ ಸನಿಕೆಯ ಆಕಾರದ, ಆನೆ ಕಿವಿಯಂಥ ಎಲೆಗಳು. ದಂಟು ಬೋಳು, ತುದಿಯಲ್ಲಿ ಮಾತ್ರ ಹೂ. ಸುಡು ಮಧ್ಯಾಹ್ನದಲ್ಲಿ ಈ ಎಲೆಯನ್ನು ಎರಡು ಅಂಗೈ ನಡುವೆ ಹಿಡಿದು ನೋಡಿ. ಮಡಕೆ ಮುಟ್ಟಿದಂತೆ ತಣ್ಣಗಿರುತ್ತದೆ, ಆಳದ ನೀರನ್ನು ಬೇರು ಮೇಲಕ್ಕೆ ಕಳಿಸುತ್ತಿರುವುದರಿಂದ. ಮಕ್ಕಳನ್ನು ಕರೆದುಕೊಂಡು ಹೋದವರು ಇದನ್ನು ತಪ್ಪಿಸಬೇಡಿ.

ಕಪ್ ಪ್ಲಾಂಟ್: ದಂಟು ಚೌಕ. ಎದುರುಬದುರಿನ ಎರಡು ಎಲೆಗಳ ಬುಡ ಕೂಡಿಕೊಂಡು ದಂಟಿನ ಸುತ್ತ ದೊನ್ನೆಯಾಗಿರುತ್ತದೆ. ಮಳೆ ಬಂದ ಮರುದಿನ ಅದರಲ್ಲಿ ನೀರು, ನೀರಿಗೆ ಬಾಯಿ ಹಾಕುವ ಹಳದಿ ಗೋಲ್ಡ್‌ಫಿಂಚ್ ಹಕ್ಕಿಗಳು.

ರೋಸಿನ್‌ವೀಡ್: ಇವರಲ್ಲಿ ಕುಳ್ಳ, ಮೂರರಿಂದ ಆರಡಿ. ಎಲೆ ತೊಟ್ಟಿಲ್ಲದೆ ಜೋಡಿಯಾಗಿ ನೇರ ದಂಟಿಗೇ ಅಂಟಿರುತ್ತದೆ, ದೊನ್ನೆ ಇಲ್ಲ, ದಂಟು ಗುಂಡಗೆ.

ಇವು ಸೂರ್ಯಕಾಂತಿ ಅಲ್ಲ ಅಂತ ಹೇಗೆ ಗೊತ್ತು?

ನಾನು ಕಲಿತದ್ದು ನಗೆಪಾಟಲಾಗಿ. ಸೇರಿದ ಮೊದಲ ವರ್ಷ, ಸೆಪ್ಟೆಂಬರಿನಲ್ಲಿ, ಕಂಪಾಸ್ ಪ್ಲಾಂಟಿನ ಬೀಜ ತರಲು ಕಳಿಸಿದರು. ಊರಲ್ಲಿ ಸೂರ್ಯಕಾಂತಿ ತೆನೆ ಬಡಿದು ಬೀಜ ಮಾಡುವುದು ನೋಡಿದವನು ನಾನು. ಒಣಗಿದ ಹೂವಿನ ನಡುವಿನ ಬಿಲ್ಲೆಯನ್ನೆಲ್ಲ ಕಿತ್ತು ಕಿತ್ತು ಕಾಗದದ ಚೀಲ ತುಂಬಿದೆ. ಒಂದೂವರೆ ಗಂಟೆ. ಗುಂಪಿನ ಹಿರಿಯ ಹೆಂಗಸು ಚೀಲದಲ್ಲಿ ಕೈಯಾಡಿಸಿ, ಒಂದು ಹಿಡಿ ತೆಗೆದು ಊದಿದರು. ಎಲ್ಲ ಹಾರಿಹೋಯಿತು. ಬರೀ ಹೊಟ್ಟು.

ಸೂರ್ಯಕಾಂತಿಯಲ್ಲಿ ನಡುವಿನ ಪುಟ್ಟ ಹೂಗಳು ಬೀಜ ಕಟ್ಟುತ್ತವೆ. ಸುತ್ತಲಿನ ಎಸಳುಗಳು ಬಂಜೆ, ದುಂಬಿ ಕರೆಯಲು ಮಾತ್ರ. ಸಿಲ್ಫಿಯಮ್‌ನಲ್ಲಿ ಇದು ಪೂರ್ತಿ ತಿರುವುಮುರುವು. ಸುತ್ತಲಿನ ಎಸಳಿನ ಬುಡದಲ್ಲಿ ಚಪ್ಪಟೆ ಬೀಜ, ನಡುವೆ ಏನೂ ಇಲ್ಲ. ಹಾಗಾಗಿ ಅರಳಿದ ಹೂವಿನ ಒಂದು ಎಸಳನ್ನು ಮೆಲ್ಲಗೆ ಎಳೆದು ಬುಡ ನೋಡಿ. ಎರಡಾಗಿ ಸೀಳಿದ ಶಲಾಕೆ (ಹೂವಿನ ಹೆಣ್ಣು ಭಾಗದ ಎಳೆ) ಎದ್ದು ನಿಂತಿದ್ದರೆ, ಕೆಳಗೆ ಎಳೆಬೀಜ ಕಂಡರೆ ಅದು ಸೂರ್ಯಕಾಂತಿ ಅಲ್ಲ.

ಇನ್ನೊಂದು ವೇಷಗಾರ ಆಕ್ಸ್-ಐ, ಅಂದರೆ ಹೀಲಿಯಾಪ್ಸಿಸ್. ಜೂನ್‌ನಲ್ಲೇ ಶುರು, ಮೂರ್ನಾಲ್ಕು ಅಡಿ, ಎಲೆಗಳು ಜೋಡಿ ಜೋಡಿ. ಹೂ ಮುಗಿದ ಮೇಲೂ ಎಸಳು ಉದುರದೆ ಕಾಗದದಂತೆ ಒಣಗಿ ಅಲ್ಲೇ ಅಂಟಿಕೊಂಡಿರುತ್ತದೆ. ಆಗಸ್ಟ್‌ನಲ್ಲಿ ಇದೇ ಗುರುತು.

ನಿಜವಾದ ಕಾಡು ಸೂರ್ಯಕಾಂತಿಗಳು ಎಷ್ಟಿವೆ?

ಉತ್ತರ ಅಮೆರಿಕದಲ್ಲಿ ಐವತ್ತರ ಹತ್ತಿರ. ನಮ್ಮ ಹೊಲಗಳ ಸೂರ್ಯಕಾಂತಿಯ ತವರು ಮನೆಯೂ ಇದೇ. ಇಲ್ಲಿನ ಮೂಲನಿವಾಸಿಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅದನ್ನು ಬೆಳೆಯಾಗಿ ಪಳಗಿಸಿದರು. ಅಲ್ಲಿಂದ ಯುರೋಪು, ರಷ್ಯಾ ಸುತ್ತಿ ನಮ್ಮ ಬಯಲುಸೀಮೆಗೆ ಬಂತು.

ಷಿಕಾಗೋ ಸುತ್ತಮುತ್ತ ಹೆಚ್ಚಾಗಿ ಸಿಗುವುದು ಸಾಟೂತ್ ಸೂರ್ಯಕಾಂತಿ. ಹತ್ತಡಿ ಬೆಳೆದು ಗುಂಪಾಗಿ ನಿಲ್ಲುತ್ತದೆ. ದಂಟು ನಯ, ಕೆಂಪು ಛಾಯೆ, ಮೇಲೆ ದ್ರಾಕ್ಷಿಯ ಮೇಲಿರುವಂಥ ಬೂದಿಪುಡಿ, ಉಜ್ಜಿದರೆ ಹೋಗುತ್ತದೆ. ಎಲೆಯ ಅಂಚು ಗರಗಸ. ಒಣ ಜಾಗದಲ್ಲಿ ವೆಸ್ಟರ್ನ್ ಸೂರ್ಯಕಾಂತಿ: ಎಲೆಯೆಲ್ಲ ಬುಡದಲ್ಲಿ, ದಂಟು ಹೆಚ್ಚುಕಡಿಮೆ ಬೆತ್ತಲೆ. ಕಾನ್ಸಾಸ್, ನೆಬ್ರಾಸ್ಕಾ ಕಡೆ ಹೋದರೆ ಮ್ಯಾಕ್ಸಿಮಿಲಿಯನ್ ಸೂರ್ಯಕಾಂತಿ. ಅದರ ಎಲೆ ಉದ್ದಕ್ಕೆ ಮಡಿಚಿಕೊಂಡು ಕುಡುಗೋಲಿನಂತೆ ಬಾಗಿರುತ್ತದೆ. 1832ರಿಂದ 34ರವರೆಗೆ ಈ ನಾಡನ್ನು ಸುತ್ತಿದ ಜರ್ಮನ್ ರಾಜಕುಮಾರನೊಬ್ಬನ ಹೆಸರು ಅದು.

ಆದರೂ ಇವು ತಮ್ಮತಮ್ಮಲ್ಲೇ ಬೆರಕೆಯಾಗುತ್ತವೆ. 'ಯಾವುದೋ ಒಂದು ಕಾಡು ಸೂರ್ಯಕಾಂತಿ' ಎಂದು ಬರೆದು ಮುಂದೆ ಹೋಗುವುದು ಅವಮಾನವೇನಲ್ಲ.

ಎಸಳೆಲ್ಲ ಜೋತುಬಿದ್ದಿದೆ. ಹೂ ಬಾಡಿದೆಯೇ?

ಬಾಡಿಲ್ಲ, ಅದರ ನಿಲುವೇ ಹಾಗೆ. ಗ್ರೇ-ಹೆಡೆಡ್ ಕೋನ್‌ಫ್ಲವರ್. ನಾಲ್ಕಡಿ ಎತ್ತರದ ಸಣಕಲು ದಂಟು, ತುದಿಯಲ್ಲಿ ಬೂದುಹಸಿರು ಮೊಗ್ಗಿನಂಥ ಗುಬುಟು, ಅದರಿಂದ ಇಳಿಬಿದ್ದ ತಿಳಿ ಹಳದಿ ಎಸಳುಗಳು. ಗಾಳಿಗೆ ಲಂಗದ ನೆರಿಗೆಯಂತೆ ಆಡುತ್ತವೆ. ಗುಬುಟು ಕೆಳಗಿನಿಂದ ಮೇಲಕ್ಕೆ ಕಂದಾಗುತ್ತ ಹೋಗುತ್ತದೆ. ಒಣಗಿದ ಗುಬುಟನ್ನು ಬೆರಳಲ್ಲಿ ಹಿಸುಕಿ ಮೂಸಿ ನೋಡಿ. ನಮ್ಮಮ್ಮನ ಮೂಗಿನ ಹತ್ತಿರ ಹಿಡಿದಾಗ ಅರೆಕ್ಷಣವೂ ಯೋಚಿಸಲಿಲ್ಲ: "ಸೋಂಪು!" ಸಸ್ಯದ ಹೆಸರು ಅವರಿಗೆ ಇವತ್ತಿಗೂ ನೆನಪಿಲ್ಲ, ಆದರೆ ಎಲ್ಲಿ ಕಂಡರೂ 'ಸೋಂಪಿನ ಹೂ' ಅಂತ ಗುರುತಿಸುತ್ತಾರೆ. ನನಗದು ಸಾಕು.

ಎಸಳು ನೆಟ್ಟಗೆ ಹರಡಿ, ನಡುವೆ ಚಾಕೊಲೇಟ್ ಕಂದು ಗುಮ್ಮಟ, ಎಲೆ-ದಂಟೆಲ್ಲ ಒರಟು ರೋಮ, ಎತ್ತರ ಮಂಡಿಯವರೆಗೆ? ಬ್ಲ್ಯಾಕ್-ಐಡ್ ಸೂಸನ್. ನರ್ಸರಿಯಲ್ಲೂ ಸಿಗುವ ಹೂ, ಎಲ್ಲರಿಗೂ ಗೊತ್ತು.

ಎಸಳಿನ ತುದಿಯಲ್ಲಿ ಮೂರು ಹಲ್ಲು, ನಡುವೆ ಗುಂಡು, ದಂಟಿನುದ್ದಕ್ಕೂ ರೆಕ್ಕೆಯಂಥ ಹಸಿರು ಅಂಚು, ಜಾಗ ತೇವ? ಸ್ನೀಜ್‌ವೀಡ್. ಹೆಸರು ಕೇಳಿ ಅಲರ್ಜಿ ಅಂದುಕೊಳ್ಳಬೇಡಿ. ಹಿಂದೆ ಇದರ ಒಣಗಿದ ಎಲೆಯನ್ನು ಪುಡಿಮಾಡಿ ನಶ್ಯದಂತೆ ಏರಿಸುತ್ತಿದ್ದರು, ಸೀನಲಿಕ್ಕೆಂದೇ.

ಗೋಲ್ಡನ್‌ರಾಡ್ ಅರಳಿದಾಗಲೇ ನನಗೆ ಮೂಗು ಸೋರುತ್ತದೆ. ಅದನ್ನು ಕಿತ್ತುಹಾಕಬೇಕಲ್ಲವೇ?

ಪಾಪ, ಪುಟ್ಟ ಹಳದಿ ಹೂಗಳ ಗೊಂಚಲು ಬಿಡುವ ಇದು ಬೇರೆಯವರ ತಪ್ಪಿಗೆ ಬೈಸಿಕೊಳ್ಳುವ ಗಿಡ. ಗೋಲ್ಡನ್‌ರಾಡ್‌ನ ಪರಾಗ ಭಾರ, ಅಂಟು. ಜೇನುನೊಣದ ಕಾಲಿಗೆ ಅಂಟಿ ಹೋಗಬೇಕೇ ಹೊರತು ಗಾಳಿಯಲ್ಲಿ ಹಾರದು. ಅದೇ ಆಗಸ್ಟ್-ಸೆಪ್ಟೆಂಬರಿನಲ್ಲಿ ಪಕ್ಕದಲ್ಲೇ ರ‍್ಯಾಗ್‌ವೀಡ್ ಹಸಿರು ಹೂ ಬಿಟ್ಟಿರುತ್ತದೆ. ಯಾರ ಕಣ್ಣಿಗೂ ಬೀಳದು, ಗಾಳಿಗೆ ಪರಾಗ ಚೆಲ್ಲುವುದು ಅದೇ. ನಮ್ಮೂರ ಕಾಂಗ್ರೆಸ್ ಗಿಡದ ದೂರದ ಸಂಬಂಧಿ ಅಂದರೆ ಅರ್ಥವಾಗುತ್ತದಲ್ಲ. (ಕಾಂಗ್ರೆಸ್ ಗಿಡದ ಇನ್ನೂ ಹತ್ತಿರದ ನೆಂಟ, ಅದೇ ಪಾರ್ಥೇನಿಯಮ್ ಕುಲದ ವೈಲ್ಡ್ ಕ್ವಿನೈನ್, ಈ ಪ್ರೇರಿಯ ಮರ್ಯಾದಸ್ಥ ಬಿಳಿ ಹೂ. ಅದರ ಬೀಜವನ್ನು ನಾನೇ ಜೋಪಾನವಾಗಿ ಆಯ್ದಿದ್ದೇನೆ. ಊರಲ್ಲಿ ಹೇಳಿದರೆ ಹುಚ್ಚು ಅಂದಾರು.)

ಮೆಕ್ಸಿಕೋಗೆ ಹೊರಟ ಮೊನಾರ್ಕ್ ಚಿಟ್ಟೆಗಳಿಗೆ ಸೆಪ್ಟೆಂಬರಿನ ಬುತ್ತಿ ಈ ಗೋಲ್ಡನ್‌ರಾಡ್. ಬಿಟ್ಟುಬಿಡಿ.

ಗೋಲ್ಡನ್‌ರಾಡ್‌ಗಳಲ್ಲಿ ಒಂದರಿಂದ ಒಂದನ್ನು ಬೇರೆ ಮಾಡುವುದು ಹೇಗೆ?

ಮೊದಲ ವರ್ಷ ಆ ಗೋಜಿಗೆ ಹೋಗಬೇಡಿ. ಒಂದನ್ನು ಮಾತ್ರ ಕಲಿಯಿರಿ: ಸ್ಟಿಫ್ ಗೋಲ್ಡನ್‌ರಾಡ್. ಹೂಗೊಂಚಲು ಬಾಗಿದ ಗರಿಯಂತಿರದೆ ಮೇಲೆ ತಟ್ಟೆಯಂತೆ ಸಮನಾಗಿರುತ್ತದೆ. ಎಲೆ ದಪ್ಪ, ಬೂದುಹಸಿರು, ಚರ್ಮದಂತೆ. ಇನ್ನು ಎಲ್ಲೆಲ್ಲೂ ಕಾಣುವ ಎತ್ತರದ ಗೋಲ್ಡನ್‌ರಾಡ್‌ನ ದಂಟಿನಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಕಂಡರೆ ಅದು ರೋಗವಲ್ಲ, ಒಂದು ನೊಣದ ಮರಿಯ ಮನೆ. ಚಳಿಗಾಲವಿಡೀ ಮರಿ ಅದರೊಳಗೇ ಇರುತ್ತದೆ. ಜನವರಿಯಲ್ಲಿ ಗಂಟಿಗೆ ತೂತು ಕಂಡರೆ ಮರಕುಟಿಗ ಬಂದುಹೋಗಿದೆ ಅಂತ ತಿಳಿಯಿರಿ.

ಹುಣಸೆ ಎಲೆಯಂಥ ಎಲೆ, ತಂಗಡಿ ಹೂವಿನಂಥ ಹೂ. ಇಲ್ಲಿ ತಂಗಡಿ ಬೆಳೆಯುತ್ತದೆಯೇ?

ಈ ಪ್ರಶ್ನೆ ಕೇಳುವವರು ಯಾವಾಗಲೂ ಚಿತ್ರದುರ್ಗ, ತುಮಕೂರು ಕಡೆಯವರು, ಮತ್ತು ಅವರ ಕಣ್ಣು ಸರಿಯಾಗೇ ಇದೆ. ಇದು ಪಾರ್ಟ್ರಿಜ್ ಪೀ. ತಂಗಡಿಯ (ಮೈಸೂರು ಕಡೆ ಆವರಿಕೆ) ಬಳಗದ್ದೇ. ಗಾತ್ರ ಮಾತ್ರ ಚಿಕ್ಕದು, ಒಂದೇ ವರ್ಷದ ಗಿಡ, ಮೊಣಕಾಲೆತ್ತರ. ಐದು ಎಸಳು, ಒಂದು ಸೊಟ್ಟಗೆ ಒಳಕ್ಕೆ ಬಾಗಿರುತ್ತದೆ. ಎಲೆಯನ್ನು ಮುಟ್ಟಿ ಸ್ವಲ್ಪ ಕಾದರೆ ಮಡಿಚಿಕೊಳ್ಳುತ್ತದೆ, ಮುಟ್ಟಿದರೆ ಮುನಿಯಷ್ಟು ಚುರುಕಿಲ್ಲ. ಎಲೆತೊಟ್ಟಿನ ಮೇಲೆ ಒಂದು ಪುಟ್ಟ ಬಟ್ಟಲಿದೆ, ಅದರಲ್ಲಿ ಸಿಹಿ ರಸ. ಇರುವೆಗಳು ಅಲ್ಲಿಗೆ ಯಾಕೆ ಸಾಲುಗಟ್ಟಿವೆ ಅಂತ ಈಗ ಗೊತ್ತಾಯಿತಲ್ಲ.

ಮೇ-ಜೂನ್ ತಿಂಗಳಲ್ಲಿ ಏನು ಸಿಗುತ್ತದೆ?

ಗಿಡ್ಡ ಹೂಗಳ ಕಾಲ ಅದು, ಹುಲ್ಲು ಇನ್ನೂ ಎದ್ದಿರುವುದಿಲ್ಲ. ಹುಲ್ಲಿನ ಎಸಳೇ ಹೂ ಬಿಟ್ಟಂತೆ ಆರು ದಳದ ಪುಟ್ಟ ನಕ್ಷತ್ರ ಕಂಡರೆ ಯೆಲ್ಲೋ ಸ್ಟಾರ್‌ಗ್ರಾಸ್. ನಮ್ಮ ಮಲೆನಾಡಿನ ನೆಲತಾಳೆಯ ಕುಟುಂಬ. ಕಿತ್ತಳೆಗೆ ತಿರುಗಿದ ಗಾಢ ಹಳದಿ, ಐದು ದಳ, ಮೈಯೆಲ್ಲ ನವಿರು ರೋಮ ಇದ್ದರೆ ಹೋರಿ ಪುಕೂನ್. ಜೂನ್ ಕೊನೆಗೆ ಎಲೆ ಹಕ್ಕಿಯ ಪಾದದಂತೆ ಮೂರಾಗಿ ಸೀಳಿದ್ದರೆ ಪ್ರೇರಿ ಕೊರಿಯಾಪ್ಸಿಸ್.

ನಿಂತು ನೋಡಬೇಕಾದ್ದು ಗೋಲ್ಡನ್ ಅಲೆಕ್ಸಾಂಡರ್ಸ್. ಕೊತ್ತಂಬರಿಯ ಕುಟುಂಬ; ಕೊತ್ತಂಬರಿ ಹೂವಿಗೆ ಅರಿಶಿನ ಬಳಿದಂತೆ ಛತ್ರಿ ಛತ್ರಿಯಾಗಿ ಅರಳುತ್ತದೆ. ಇದರ ಪಡಿಯಚ್ಚು ವೈಲ್ಡ್ ಪಾರ್ಸ್‌ನಿಪ್ ಎಂಬ ಹೊರಗಿನ ಕಳೆ, ಮತ್ತು ಅದು ಅಪಾಯಕಾರಿ. ಅದರ ರಸ ಚರ್ಮಕ್ಕೆ ತಾಗಿ ಮೇಲೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ವ್ಯತ್ಯಾಸ: ಅಲೆಕ್ಸಾಂಡರ್ಸ್ ಮೊಣಕಾಲಿಂದ ಸೊಂಟದೊಳಗೆ, ಹೆಚ್ಚಾಗಿ ಮೇ ತಿಂಗಳಲ್ಲಿ, ಎಲೆ ಮೂರು ಮೂರಾಗಿ ಒಡೆದದ್ದು. ಪಾರ್ಸ್‌ನಿಪ್ ಸೊಂಟದಿಂದ ಎದೆಯೆತ್ತರ, ಜೂನ್-ಜುಲೈ, ದಂಟಿನಲ್ಲಿ ಉದ್ದುದ್ದ ಗೀರು, ಎಲೆ ಗರಿಯಂತೆ ನಡುದಿಂಡಿನ ಎರಡೂ ಕಡೆ ಜೋಡಿ ಜೋಡಿ. ಇನ್ನೊಂದು ಸೂಕ್ಷ್ಮ: ಅಲೆಕ್ಸಾಂಡರ್ಸ್‌ನ ಪ್ರತಿ ಪುಟ್ಟ ಗೊಂಚಲಿನ ನಟ್ಟನಡುವಿನ ಹೂವಿಗೆ ತೊಟ್ಟೇ ಇಲ್ಲ. ಅನುಮಾನ ಬಂದರೆ ಮುಟ್ಟಬೇಡಿ. ರಸ ತಾಗಿದರೆ ಕೂಡಲೇ ಸೋಪು ಹಾಕಿ ತೊಳೆದು, ಆ ಜಾಗಕ್ಕೆ ಬಿಸಿಲು ತಾಗದಂತೆ ಮುಚ್ಚಿ.

ಸಂಜೆ ಅರಳಿ ಬೆಳಗ್ಗೆ ಮುದುಡುವ ನಾಲ್ಕು ಎಸಳಿನ ಹೂ?

ಈವ್ನಿಂಗ್ ಪ್ರಿಮ್‌ರೋಸ್. ನಡುವೆ ಗುಣಾಕಾರ ಚಿಹ್ನೆಯಂತೆ ಶಲಾಕೆ. ಪತಂಗಗಳಿಗಾಗಿ ರಾತ್ರಿ ಪಾಳಿ ಮಾಡುವ ಗಿಡ.

ನಮ್ಮ ಲಾನಿನ ಹಳದಿ ಹೂಗಳೂ ಪ್ರೇರಿಯವೇ?

ಬಹುಶಃ ಅಲ್ಲ. ಡ್ಯಾಂಡಿಲಿಯನ್, ಬರ್ಡ್ಸ್-ಫುಟ್ ಟ್ರೆಫಾಯಿಲ್, ಹೆದ್ದಾರಿ ಬದಿಯ ಹಳದಿ ಸ್ವೀಟ್ ಕ್ಲೋವರ್, ಕೋಲಿನಂತೆ ನಿಲ್ಲುವ ಮುಲ್ಲೀನ್ ಎಲ್ಲವೂ ಯುರೋಪು-ಏಷ್ಯಾ ಕಡೆಯಿಂದ ಬಂದವು. ನಮ್ಮ ಹಾಗೇ ವಲಸಿಗರು ಅನ್ನಬಹುದು, ಆದರೆ ಸ್ವೀಟ್ ಕ್ಲೋವರ್ ಕಿತ್ತು ಬೆನ್ನು ನೋಯಿಸಿಕೊಂಡವನಿಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ.

ಫೋನಿನ ಆ್ಯಪ್ ಸಾಲದೇ?

ಐನ್ಯಾಚುರಲಿಸ್ಟ್ ಒಳ್ಳೆಯದೇ. ಆದರೆ ಹೂವಿನ ಮುಖ ಮಾತ್ರ ತೋರಿಸಿದರೆ ಅದೂ ಊಹಿಸುತ್ತದೆ. ನಾಲ್ಕು ಫೋಟೋ ಹಾಕಿ: ಇಡೀ ಗಿಡ, ದಂಟಿಗೆ ಎಲೆ ಸೇರುವ ಜಾಗ, ಹೂವಿನ ಬೆನ್ನು, ಆಮೇಲೆ ಮುಖ. ನನಗೆ ಕಳಿಸುವುದಾದರೂ ಹೀಗೇ ಕಳಿಸಿ.

ಗೌರಿ-ಗಣೇಶ ಹಬ್ಬಕ್ಕೆ ನಾಲ್ಕು ಹೂ ಕಿತ್ತುಕೊಳ್ಳಬಹುದೇ?

ಫಾರೆಸ್ಟ್ ಪ್ರಿಸರ್ವ್‌ಗಳಲ್ಲಿ, ಅಂದರೆ ಇಲ್ಲಿನ ಸಂರಕ್ಷಿತ ಕಾಡು-ಪ್ರೇರಿಗಳಲ್ಲಿ, ಹೂ, ಬೀಜ, ಎಲೆ ಯಾವುದನ್ನೂ ಕೀಳುವಂತಿಲ್ಲ, ದಂಡವಿದೆ. ಹಿರಿಯರಿಗೆ ಇದನ್ನು ಹೇಳುವುದು ಕಷ್ಟ, ಗೊತ್ತು. "ಇಷ್ಟೊಂದು ಬಿಟ್ಟಿದೆ, ದೇವರಿಗೆ ನಾಲ್ಕು ಅಂದ್ರೆ ಏನಾಯ್ತು?" ಅನ್ನುತ್ತಾರೆ. ಕಾರಿಂದ ಇಳಿಯುವ ಮುಂಚೆಯೇ ಹೇಳಿಬಿಡಿ, ಕಿತ್ತ ಮೇಲೆ ಅಲ್ಲ.

ನಾವು ಡಲ್ಲಾಸ್‌ನಲ್ಲಿದ್ದೇವೆ. ಇದು ನಮಗೆ ಉಪಯೋಗವೇ?

ನೋಡುವ ಕ್ರಮ ಅದೇ, ಹೂಗಳು ಬೇರೆ, ಕಾಲವೂ ಬೇರೆ. ನಿಮ್ಮಲ್ಲಿ ಏಪ್ರಿಲ್‌ನಲ್ಲೇ ಶುರು. ಉದ್ದ ಗುಬುಟಿನ ಕೆಳಗೆ ಕೆಂಪು-ಹಳದಿ ಎಸಳು ಜೋತುಬಿದ್ದಿದ್ದರೆ ಅದು ಮೆಕ್ಸಿಕನ್ ಹ್ಯಾಟ್, ನಮ್ಮ ಸೋಂಪಿನ ಹೂವಿನ ಖಾಸಾ ತಂಗಿ.

ಷಿಕಾಗೋ ಸುತ್ತ ಎಲ್ಲಿ ಹೋಗಿ ನೋಡಬಹುದು?

ಲೈಲ್‌ನ ಮಾರ್ಟನ್ ಆರ್ಬೊರೇಟಮ್‌ನಲ್ಲಿರುವ ಶುಲೆನ್‌ಬರ್ಗ್ ಪ್ರೇರಿ 1962ರಿಂದ ಬೆಳೆಸಿದ್ದು; ವಯಸ್ಸಾದವರಿಗೂ ನಡೆಯಲು ಸುಲಭ. ಬಟೇವಿಯಾದ ಫರ್ಮಿಲ್ಯಾಬ್‌ನಲ್ಲಿ ಕಣವೇಗವರ್ಧಕದ ಉಂಗುರದೊಳಗೇ 1970ರ ದಶಕದಲ್ಲಿ ಪ್ರೇರಿ ಬಿತ್ತಿದರು. ಜೋಲಿಯೆಟ್ ಹತ್ತಿರದ ಮಿಡೇವಿನ್ ಹಿಂದೆ ಮದ್ದುಗುಂಡಿನ ಕಾರ್ಖಾನೆ, 1996ರಿಂದ ರಾಷ್ಟ್ರೀಯ ಪ್ರೇರಿ. 2015ರಿಂದ ಅಲ್ಲಿ ಕಾಡೆಮ್ಮೆಗಳೂ, ಅಂದರೆ ಬೈಸನ್‌ಗಳೂ ಇವೆ. ಎಲ್ಲಿಗೇ ಹೋದರೂ ಉದ್ದ ಪ್ಯಾಂಟು, ಕಾಲುಚೀಲ ಹಾಕಿ. ಮನೆಗೆ ಬಂದು ಮೈಮೇಲೆ ಉಣ್ಣಿ ಹತ್ತಿದೆಯೇ ನೋಡಿಕೊಳ್ಳಿ.

ಮನೆ ಹಿತ್ತಲಲ್ಲಿ ಬೆಳೆಸಬಹುದೇ?

ಬೆಳೆಸಬಹುದು, ಕಪ್ ಪ್ಲಾಂಟ್ ಒಂದನ್ನು ಬಿಟ್ಟು. ಚಿಕ್ಕ ಹಿತ್ತಲನ್ನು ಅದು ನುಂಗಿಬಿಡುತ್ತದೆ. ಬ್ಲ್ಯಾಕ್-ಐಡ್ ಸೂಸನ್, ಸೋಂಪಿನ ಹೂ, ಪಾರ್ಟ್ರಿಜ್ ಪೀ ಮೊದಲಿಗರಿಗೆ ಸುಲಭ. ಬೀಜವನ್ನು ಕಾಡಿನಿಂದ ತರಬೇಡಿ, ಸ್ಥಳೀಯ ಗಿಡಗಳ ನರ್ಸರಿಯಿಂದ ಕೊಳ್ಳಿ. ಈ ಬೀಜಗಳಲ್ಲಿ ಹೆಚ್ಚಿನವು ಚಳಿ ಉಣ್ಣದೆ ಮೊಳೆಯುವುದಿಲ್ಲ. ನವೆಂಬರ್ ಕೊನೆಗೆ ಹುಲ್ಲು ಕೆತ್ತಿದ ಬರಿ ಮಣ್ಣಿನ ಮೇಲೆ ಎರಚಿ ಕಾಲಲ್ಲಿ ತುಳಿದುಬಿಡಿ, ಮಣ್ಣು ಮುಚ್ಚಬೇಡಿ, ಉಳಿದದ್ದು ಹಿಮ ನೋಡಿಕೊಳ್ಳುತ್ತದೆ. ಆ ಕಾಲ ತಪ್ಪಿದರೆ ಒದ್ದೆ ಮರಳಲ್ಲಿ ಕಲಸಿ, ಜಿಪ್ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿ ಒಂದೆರಡು ತಿಂಗಳು ಇಡಿ. ಚೀಲದ ಮೇಲೆ ಹೆಸರು, ತಾರೀಕು ದಪ್ಪಗೆ ಬರೆಯಿರಿ. ನಮ್ಮ ಮನೆಯಲ್ಲಿ ಅದು ಕರಿಬೇವಿನ ಹಿಂದೆ, ದೋಸೆಹಿಟ್ಟಿನ ಪಕ್ಕದಲ್ಲಿರುತ್ತದೆ. ಹೆಸರು ಬರೆಯದ ವರ್ಷ, "ಯಾರು ಮಣ್ಣು ತಂದು ಫ್ರಿಜ್‌ನಲ್ಲಿಟ್ಟಿದ್ದು?" ಎಂದು ನಮ್ಮತ್ತೆ ಇಡೀ ಚೀಲವನ್ನು ಕಸಕ್ಕೆ ಹಾಕಿದ್ದರು.